ಮಾಮನ ಎಲೆಗೆ ಒಂದು ಮುಸುಬಿ

"ಈ ಸಲ ಖಂಡಿತ ನಿಲ್ತದೆ, ನೋಡು."

ಪ್ರಾಪ್ತಿ ಅನ್ನ ತುಂಬಿದ ಡಬ್ಬಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಅದರ ಬೆನ್ನಿಗೆ ಟಪಟಪ ಹೊಡೆದಳು. ಉಸಿರು ಬಿಗಿಹಿಡಿದು ಮೆಲ್ಲನೆ ಡಬ್ಬಿ ಎತ್ತಿದಳು.

ಅನ್ನ ಇಟ್ಟಿಗೆಯ ಹಾಗೆ ಚೌಕವಾಗಿ ನಿಂತಿತು. ಆಮೇಲೆ ಒಂದು ಮೂಲೆ ಕುಸಿಯಿತು. ಅದನ್ನು ನೋಡಿ ಇನ್ನೊಂದು ಮೂಲೆಯೂ ಕುಸಿಯಿತು. ಕೊನೆಗೆ ತಟ್ಟೆಯ ತುಂಬ ಬರೀ ಅನ್ನ.

"ನಿಂತಿತು," ಎಂದಳು ಡುಲ್ಸಿನ್. "ಸ್ವಲ್ಪ ಹೊತ್ತು."

"ನಗಾಡಬೇಡ ಮಾರಾಯ್ತಿ!"

"ನಾನೆಲ್ಲಿ ನಗಾಡಿದೆ?" ಎಂದು ಹೇಳುವಾಗಲೇ ಡುಲ್ಸಿನ್‌ಗೆ ನಗು ಬಂತು. ಪ್ರಾಪ್ತಿಯ ಮುಖ ನೋಡಿದ ಮೇಲೆ ಆ ನಗುವನ್ನು ನುಂಗಿಕೊಂಡಳು. "ಸಾರಿ. ಇನ್ನೊಂದು ಸಲ ಒತ್ತುವ. ನಾನೂ ಒತ್ತುತ್ತೇನೆ, ಸೀರಿಯಸ್ಸಾಗಿ."

ಡುಲ್ಸಿನ್ ಪಕ್ಕದ ಮನೆಯವಳು, ಒಂದೇ ಕ್ಲಾಸು. ಇವತ್ತು ಮಳೆಗೆಂದು ಡಿಸಿ ಶಾಲೆಗಳಿಗೆ ರಜೆ ಕೊಟ್ಟಿದ್ದರು. ರಜೆ ಕೊಟ್ಟ ಕೂಡಲೇ ಮಳೆ ನಿಂತು, ಕಾವೂರಿನಲ್ಲಿ ಬಿಸಿಲು ಬಂದಿತ್ತು. ಮಂಗಳೂರಿನ ಮಳೆಯ ಬುದ್ಧಿಯೇ ಹಾಗೆ. ಬೇರೆ ದಿನವಾಗಿದ್ದರೆ ಇಬ್ಬರೂ ಕೆರೆಯ ದಾರಿಯಲ್ಲಿ ಸೈಕಲ್ ಬಿಡುತ್ತಿದ್ದರು.

ಇವತ್ತು ಪ್ರಾಪ್ತಿಗೆ ಬೇರೆ ಕೆಲಸವಿತ್ತು. ಮುಚ್ಚಂಜೆಯ ಒಳಗೆ ಅವಳು ಮುಸುಬಿ ಮಾಡಿ ಮುಗಿಸಬೇಕಿತ್ತು. ಒಂದಾದರೂ ಸಾಕು. ಆದರೆ ಅದು ದೀಪೇಶ್ ಮಾಮ ಮಾಡಿದ ಹಾಗೆಯೇ ಇರಬೇಕು.

ಮುಸುಬಿ ಅಂದರೆ ಮಾಮ ಹಡಗಿನಲ್ಲಿ ಕಲಿತು ಬಂದ ತಿಂಡಿ. ಡಬ್ಬಿಯಲ್ಲಿ ಬರುವ ಕೋಳಿಮಾಂಸದ ಗಟ್ಟಿಯನ್ನು ಹೋಳು ಮಾಡಿ, ಸೋಯಾ ಸಾಸ್ ಮತ್ತು ಬೆಲ್ಲ ಹಾಕಿ ಹುರಿಯಬೇಕು. ಆ ಖಾಲಿ ಡಬ್ಬಿಯೇ ಅಚ್ಚು. ಅದರೊಳಗೆ ಬಾಡಿಸಿದ ಬಾಳೆಲೆ ಇಟ್ಟು, ಅನ್ನ ತುಂಬಿ ಒತ್ತಬೇಕು. ಕವುಚಿದರೆ ಅನ್ನ ಪುಟ್ಟ ಇಟ್ಟಿಗೆಯಾಗಿ ಬೀಳುತ್ತದೆ. ಅದರ ಮೇಲೆ ಮಾಂಸದ ಹೋಳು ಇಟ್ಟು, ಸುತ್ತಲೂ ಕಡಲ ಪಾಚಿಯ ಹಾಳೆಯಿಂದ ಒಂದು ಪಟ್ಟಿ ಸುತ್ತಬೇಕು. ಆ ಹಾಳೆ ಕಪ್ಪಗೆ, ಕಾಗದದಷ್ಟು ತೆಳ್ಳಗೆ ಇರುತ್ತದೆ. ಮಾಮ ಅದಕ್ಕೆ 'ಕಡಲ ಪೇಪರ್' ಅನ್ನುತ್ತಿದ್ದ.

ಮಾಮ ಅಂದರೆ ಅಮ್ಮನ ತಮ್ಮ. ದೊಡ್ಡ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸ. ರಜೆಯಲ್ಲಿ ಬಂದಾಗಲೆಲ್ಲ ಅವನ ಬ್ಯಾಗಿನಲ್ಲಿ ಡಬ್ಬಿಗಳೂ ಕಡಲ ಪೇಪರೂ ಇದ್ದೇ ಇರುತ್ತಿದ್ದವು. ಹೋದ ಸಲ ಹೊರಡುವಾಗ ಒಂದೇ ಒಂದು ಡಬ್ಬಿ ಉಳಿದಿತ್ತು. ಅದನ್ನು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಇಟ್ಟು, "ಇದು ಮುಂದಿನ ಸಲಕ್ಕೆ. ಆಗ ನೀನು ಮಾಡಬೇಕು ಪ್ರಾಪು, ನಾನು ಕೂತು ನೋಡ್ತೇನೆ. ಪ್ರಾಮಿಸ್?" ಎಂದಿದ್ದ.

"ಪ್ರಾಮಿಸ್," ಎಂದಿದ್ದಳು ಪ್ರಾಪ್ತಿ.

ಮುಂದಿನ ಸಲ ಬರಲೇ ಇಲ್ಲ. ಹಡಗಿನಲ್ಲಿ ರಾತ್ರಿ ಮಲಗಿದ ಮಾಮ ಬೆಳಿಗ್ಗೆ ಏಳಲಿಲ್ಲ. ಗಟ್ಟಿಮುಟ್ಟಾದ ಆಳು, ಒಂದು ಜ್ವರ ಕೂಡ ಬಂದವನಲ್ಲ. ಮಾಮನನ್ನು ಕರೆದುಕೊಂಡು ಬರಲು ಏರ್‌ಪೋರ್ಟಿಗೆ ಹೋಗುವಾಗ ಪ್ರತಿಸಲ ಪ್ರಾಪ್ತಿ ಕಾರಿನ ಮುಂದಿನ ಸೀಟಿಗಾಗಿ ಜಗಳ ಮಾಡುತ್ತಿದ್ದಳು. ಆ ಸಲ ಅವಳನ್ನು ಯಾರೂ ಕರೆದುಕೊಂಡು ಹೋಗಲಿಲ್ಲ.

ಡಬ್ಬಿ ಮಾತ್ರ ಶೆಲ್ಫಿನಲ್ಲೇ ಇತ್ತು. ಅಮ್ಮ ಧೂಳು ಒರೆಸುವಾಗ ಅದರ ಸುತ್ತ ಒರೆಸುತ್ತಿದ್ದಳು, ಡಬ್ಬಿಯನ್ನು ಎತ್ತುತ್ತಿರಲಿಲ್ಲ.

ಈಗ ತುಳುನಾಡಿನ ಆಷಾಢ, ಆಟಿ ತಿಂಗಳು ಬಂದಿತ್ತು. ಆಟಿಯಲ್ಲಿ ತೀರಿಕೊಂಡವರಿಗೆ ಅಗೆಲು ಬಡಿಸುತ್ತಾರೆ. ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಆಗ ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಮನೆಯವರು ಊಟ ಮಾಡುತ್ತಾರೆ.

"ಅವರಿಗೆ ಇಷ್ಟವಾದದ್ದು ಎಲೆಯಲ್ಲಿ ಇಲ್ಲದಿದ್ದರೆ?" ಎಂದು ಪ್ರಾಪ್ತಿ ಅಜ್ಜಿಯನ್ನು ಕೇಳಿದ್ದಳು.

"ಇಲ್ಲದಿದ್ದರೆ ಮುಟ್ಟುವುದಿಲ್ಲ. ಹಸಿದ ಹೊಟ್ಟೆಯಲ್ಲೇ ಹಿಂದೆ ಹೋಗ್ತಾರೆ," ಎಂದಿದ್ದಳು ಅಜ್ಜಿ.

ಆ ಮಾತು ಕೇಳಿದ ಮೇಲೆ ಪ್ರಾಪ್ತಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಮಾಮ ಅಷ್ಟು ದೂರದಿಂದ ಬಂದು, ಎಲೆಯನ್ನು ನೋಡಿ, ಹಸಿದುಕೊಂಡೇ ಹಿಂದೆ ಹೋಗುವುದೇ ಅವಳ ಕಣ್ಣಿಗೆ ಕಾಣುತ್ತಿತ್ತು. ಅದಕ್ಕೇ ಇವತ್ತು ಅವಳೇ ಸ್ಟೂಲ್ ಹತ್ತಿ ಡಬ್ಬಿ ಇಳಿಸಿದ್ದಳು.

"ಒಂದು ಐಡಿಯಾ," ಎಂದಳು ಡುಲ್ಸಿನ್. "ಅನ್ನ ನಿಲ್ಲದಿದ್ದರೆ ಎಂತ? ಕಡಲ ಪೇಪರನ್ನು ಬಿಗಿಯಾಗಿ ಸುತ್ತಿದರೆ ಆಯ್ತಲ್ಲ. ಪೇಪರ್ ಹಿಡ್ಕೊಳ್ತದೆ."

ಮಾಮ ಬಿಟ್ಟುಹೋದ ಪ್ಯಾಕೆಟ್ಟಿನಲ್ಲಿ ಎರಡೇ ಹಾಳೆ ಇದ್ದವು. ಪ್ರಾಪ್ತಿ ಒಂದನ್ನು ತೆಗೆದಳು. ಮಳೆಗಾಲದ ತೇವಕ್ಕೆ ಅದು ಒದ್ದೆ ಬಟ್ಟೆಯಂತೆ ಮೆತ್ತಗಾಗಿತ್ತು. ಇಬ್ಬರೂ ಸೇರಿ ಅನ್ನವನ್ನು ಅದರಲ್ಲಿ ಹಾಕಿ ಸುತ್ತಿದರು. ಹಾಳೆ ನಡುವಿನಲ್ಲಿ ಹರಿಯಿತು. ಹರಿದ ಜಾಗದಿಂದ ಅನ್ನ ಇಣುಕಿತು. ಹಿಡಿಯಲು ಹೋದ ಪ್ರಾಪ್ತಿಯ ಬೆರಳಿಗೆಲ್ಲ ಕಪ್ಪು ಲೋಳೆ ಮೆತ್ತಿಕೊಂಡಿತು.

ಡುಲ್ಸಿನ್‌ಗೆ ಈಗ ನಗು ಬರಲಿಲ್ಲ. "ಇನ್ನೊಂದು ಉಂಟಲ್ಲ..." ಎಂದಳು ಸಣ್ಣ ಸ್ವರದಲ್ಲಿ.

"ಅದು ಲಾಸ್ಟ್," ಎಂದಳು ಪ್ರಾಪ್ತಿ.

ಅಷ್ಟು ಹೊತ್ತಿಗೆ ಅಜ್ಜಿ ಅಡುಗೆಮನೆಗೆ ಬಂದಳು. ಬೆಳಿಗ್ಗೆಯಿಂದ ಅವಳು ಕೂತಿರಲಿಲ್ಲ. ಕೋಳಿ ಗಸಿ ಆಗಿತ್ತು, ರೊಟ್ಟಿ ಆಗಿತ್ತು. ಮೀನಿನ ಬೋಟುಗಳೆಲ್ಲ ಬಂದ್ ಇರುವ ಮಳೆಗಾಲದಲ್ಲೂ ಎಲ್ಲಿಂದಲೋ ಬಂಗುಡೆ ತರಿಸಿ ಹುಳಿಖಾರದ ಪುಳಿಮುಂಚಿ ಮಾಡಿದ್ದಳು. ತಟ್ಟೆಯನ್ನೂ ಕಪ್ಪು ಬೆರಳುಗಳನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟಳು. ಅಜ್ಜಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು.

"ಇದೆಂತ ಅವಸ್ಥೆ? ಅನ್ನವನ್ನು ಹೀಗೆ ಹಾಳು ಮಾಡುವುದಾ? ಡಬ್ಬಿಯ ಮಾಂಸವನ್ನು ಅಗೆಲಿಗೆ ಬಡಿಸಿದವರು ಈ ಊರಲ್ಲಿ ಯಾರಾದರೂ ಉಂಟಾ?"

"ಒಳಗೆ ಇರುವುದು ಕೋಳಿಯೇ ಅಜ್ಜಿ."

"ಕೋಳಿಯಾ? ಚೌಕ ಕೋಳಿ ನಾನು ಎಲ್ಲೂ ನೋಡ್ಲಿಲ್ಲ."

ಡುಲ್ಸಿನ್ ಫಕ್ಕನೆ ನಕ್ಕಳು. ಪ್ರಾಪ್ತಿ ನಗಲಿಲ್ಲ. "ಮಾಮನಿಗೆ ಇದು ಇಷ್ಟ. ಇದು ಇಲ್ಲದಿದ್ದರೆ ಅವನು ಉಣ್ಣದೆ ಹೋಗ್ತಾನೆ. ನೀನೇ ಹೇಳಿದ್ದಲ್ಲವಾ?" ಎಂದಳು.

ಅಜ್ಜಿ ಮತ್ತೆ ಬೈಯಲಿಲ್ಲ. ತಟ್ಟೆಯ ಅನ್ನವನ್ನೆಲ್ಲ ಬಳಿದು ಒಂದು ಪಾತ್ರೆಗೆ ಹಾಕಿ, ಬಿಸಿನೀರು ಹೊಯ್ದು, ಒಲೆಯ ಬದಿಗೆ ಮುಚ್ಚಿಟ್ಟಳು. "ಅನ್ನ ಬಿಸಾಡಬಾರದು. ಗಂಜಿಗಾದರೂ ಆಗ್ತದೆ," ಎಂದಷ್ಟೇ ಹೇಳಿ, ಹಿತ್ತಿಲಿಗೆ ಹೋಗಿ ಬಾಳೆಲೆ ಕೊಯ್ಯತೊಡಗಿದಳು. ಮಗ ಹೋದ ಮೇಲೆ ಅಜ್ಜಿ ಅವನ ಹೆಸರು ಹಿಡಿದು ಮಾತಾಡಿದ್ದನ್ನು ಪ್ರಾಪ್ತಿ ಕೇಳಿರಲಿಲ್ಲ.

"ನಮ್ಮಲ್ಲಿ ಸತ್ತವರಿಗೆ ಕ್ಯಾಂಡಲ್ ಹಚ್ಚುವುದು, ಹೂ ಇಡುವುದು. ಊಟ ಇಡುವುದಿಲ್ಲ," ಎಂದಳು ಡುಲ್ಸಿನ್. ಆಮೇಲೆ, "ನಿಜವಾಗಿಯೂ ಬಂದು ತಿಂತಾರಾ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದಳು ಪ್ರಾಪ್ತಿ. "ಬಂದರೆ?"

ಡುಲ್ಸಿನ್ ತಲೆಯಾಡಿಸಿದಳು. ಬಂದರೆ ಏನೂ ಕಡಿಮೆಯಾಗಬಾರದು ಎಂಬುದು ಅವಳಿಗೂ ಅರ್ಥವಾಯಿತು.

ಮಧ್ಯಾಹ್ನ ಅಮ್ಮ ಬಂದಳು. ಅಪ್ಪ ಕುವೈತಿನಲ್ಲಿ, ಅಮ್ಮನಿಗೆ ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಇವತ್ತು ಅರ್ಧ ದಿನ ರಜೆ ಹಾಕಿದ್ದಳು. ಬಿಸಿಲಿಗೆ ಹಿಡಿದಿದ್ದ ಕೊಡೆ ಮಡಚಿ ಒಳಗೆ ಬಂದವಳು ತೆರೆದ ಡಬ್ಬಿಯನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ಓಪನ್ ಮಾಡಿದೆಯಾ?"

"ಹೂಂ," ಎಂದಳು ಪ್ರಾಪ್ತಿ. ಬೈಗುಳ ಬೀಳುತ್ತದೆ ಎಂದು ಕಾದಳು. ಬೀಳಲಿಲ್ಲ. ಆಗ ಅವಳಿಗೇ ಅಳು ಬಂತು. "ಅಮ್ಮ, ಅನ್ನ ನಿಲ್ಲುವುದೇ ಇಲ್ಲ. ಮಾಮ ಒತ್ತಿದ ಹಾಗೆಯೇ ಒತ್ತಿದೆ. ಕೈ ಒದ್ದೆ ಮಾಡಿಕೊಂಡೆ, ಬಾಳೆಲೆ ಇಟ್ಟೆ, ಎಲ್ಲ ಮಾಡಿದೆ."

ಅಮ್ಮ ತಟ್ಟೆಯ ಅಂಚಿನಲ್ಲಿ ಉಳಿದಿದ್ದ ಒಂದು ಅಗುಳು ಎತ್ತಿ ನೋಡಿದಳು. ದಪ್ಪಗೆ, ಕೆಂಪಗೆ ಇತ್ತು.

"ಇದು ಕುಚ್ಚಲಕ್ಕಿಯಲ್ಲವಾ ಮಗಾ? ಇದು ಎಲ್ಲಿ ಅಂಟ್ತದೆ? ಅವನು ಬೆಳ್ತಿಗೆ ಹಾಕ್ತಿದ್ದ, ದೋಸೆಯ ಅಕ್ಕಿ. ನೀನು ಶಾಲೆಯಿಂದ ಬರುವ ಮೊದಲೇ ಮೆತ್ತಗೆ ಬೇಯಿಸಿ ಇಟ್ಟಿರ್ತಿದ್ದ."

ಪ್ರಾಪ್ತಿ ಬಾಯಿ ಬಿಟ್ಟುಕೊಂಡು ನೋಡಿದಳು. ಈ ಮನೆಯಲ್ಲಿ ಅನ್ನ ಅಂದರೆ ಕುಚ್ಚಲಕ್ಕಿಯ ಅನ್ನ. ಬೇರೆ ಅಕ್ಕಿಯಲ್ಲಿಯೂ ಅನ್ನ ಮಾಡಬಹುದು ಎಂದು ಅವಳ ತಲೆಗೆ ಹೊಳೆದಿರಲೇ ಇಲ್ಲ.

"ನಾನು ದಿನಾ ಬೈತಿದ್ದೆ ಅವನಿಗೆ," ಎಂದಳು ಅಮ್ಮ. "ದೋಸೆ ಅಕ್ಕಿಯನ್ನೆಲ್ಲ ಮುಗಿಸ್ತೀಯ, ನಾಳೆ ತಿಂಡಿಗೆ ಎಂತ ಮಾಡುವುದು ಅಂತ..." ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಡುಲ್ಸಿನ್ ಮೆಲ್ಲನೆ ಎದ್ದು, "ನಾನು ನಾಳೆ ಬರ್ತೇನೆ," ಎಂದು ಪ್ರಾಪ್ತಿಯ ಕಿವಿಯಲ್ಲಿ ಹೇಳಿ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಮುಖ ತೊಳೆದುಕೊಂಡು ಬಂದು ಕುಕ್ಕರ್ ಇಟ್ಟಳು. ಬೆಳ್ತಿಗೆ ಅನ್ನ ಬಿಳಿ ಮುದ್ದೆಯ ಹಾಗೆ ಬೆಂದಿತು. ಕೊನೆಯ ಕಡಲ ಪೇಪರನ್ನು ಅಮ್ಮ ಹಪ್ಪಳ ಸುಡುವಂತೆ ಬೆಂಕಿಯ ಮೇಲೆ ಹೀಗೆ ಹಾಗೆ ಆಡಿಸಿದಳು. ಅದು ಗರಿಗರಿಯಾಯಿತು. ಪ್ರಾಪ್ತಿ ಡಬ್ಬಿಯಲ್ಲಿ ಅನ್ನ ಒತ್ತಿ, ಕವುಚಿ, ಬೆನ್ನಿಗೆ ಹೊಡೆದು, ಎತ್ತಿದಳು.

ಅನ್ನ ನಿಂತಿತು. ಅವಳು ಇಪ್ಪತ್ತರವರೆಗೆ ಎಣಿಸಿ ನೋಡಿದಳು, ಆಗಲೂ ನಿಂತೇ ಇತ್ತು. ಮೇಲೆ ಹುರಿದ ಮಾಂಸದ ಹೋಳು ಇಟ್ಟು, ಪಟ್ಟಿ ಸುತ್ತಿ, ತುದಿಗೆ ನೀರು ಮುಟ್ಟಿಸಿ ಅಂಟಿಸಿದಳು. ಥೇಟ್ ಮಾಮನ ಮುಸುಬಿ.

ಮುಚ್ಚಂಜೆಯಾಯಿತು. ಮಾಮನ ಕೋಣೆಯಲ್ಲಿ ಅಜ್ಜಿ ಮಣೆ ಇಟ್ಟು, ಅದರ ಎದುರು ದೊಡ್ಡ ಬಾಳೆಲೆ ಹಾಕಿದಳು. ಕುಚ್ಚಲಕ್ಕಿ ಅನ್ನ, ರೊಟ್ಟಿ, ಕೋಳಿ, ಬಂಗುಡೆ ಒಂದೊಂದಾಗಿ ಬಡಿಸಿದಳು. ಲೋಟದಲ್ಲಿ ನೀರು ಇಟ್ಟಳು. ಆಮೇಲೆ ಪ್ರಾಪ್ತಿಯ ಕಡೆ ತಿರುಗಿ, "ತಾ, ನಿನ್ನ ಚೌಕ ಕೋಳಿ," ಎಂದಳು.

ಪ್ರಾಪ್ತಿ ಮುಸುಬಿಯನ್ನು ಎಲೆಯ ನಡುವಿನಲ್ಲೇ ಇಟ್ಟಳು.

ಅಜ್ಜಿ ದೀಪ ಹಚ್ಚಿ ಕೈಮುಗಿದಳು. "ದೀಪೂ," ಎಂದಳು. "ಬಾ ಮಗಾ. ಉಣ್ಣು."

ಮೂವರೂ ಹೊರಗೆ ಬಂದರು. ಅಜ್ಜಿ ಬಾಗಿಲು ಎಳೆದುಕೊಂಡಳು. ಹಾಲಿನಲ್ಲಿ ನೆಲದ ಮೇಲೆ ಕೂತರು. ಟಿವಿ ಹಾಕಲಿಲ್ಲ. ನಿಂತಿದ್ದ ಮಳೆ ಮತ್ತೆ ಶುರುವಾಯಿತು.

ಪ್ರಾಪ್ತಿ ಕಣ್ಣು ಮುಚ್ಚಿ, ಮಾಮ ಮುಸುಬಿ ತಿನ್ನುವುದನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಅವನು ಮುಸುಬಿ ಸುತ್ತುವುದು ಕಂಡಿತು. ಚಾಕು ಒದ್ದೆ ಮಾಡಿ ಎರಡು ತುಂಡು ಮಾಡುವುದು ಕಂಡಿತು. ತಟ್ಟೆಯನ್ನು ಅವಳ ಕಡೆ ದೂಡುವುದು ಕಂಡಿತು. ಎಷ್ಟು ನೆನಪು ಮಾಡಿಕೊಂಡರೂ ಅವನು ತಿನ್ನುವುದು ಮಾತ್ರ ಕಾಣಲಿಲ್ಲ.

ಅವನು ಹೊಸ್ತಿಲಲ್ಲಿ ಕೂರುತ್ತಿದ್ದ. "ಹೊಸ್ತಿಲಲ್ಲಿ ಕೂರಬೇಡ," ಎಂದು ಅಜ್ಜಿ ಬೈದರೂ ಅಲ್ಲೇ ಕೂರುತ್ತಿದ್ದ. ಮೊಣಕಾಲ ಮೇಲೆ ಸ್ಟೀಲಿನ ಬಟ್ಟಲು. ಬಟ್ಟಲಿನಲ್ಲಿ ಗಂಜಿ. ಅದಕ್ಕೆ ಒಣ ಸಿಗಡಿಯ ಚಟ್ನಿ.

"ಮಾಮ, ನಿನಗೆ ಮುಸುಬಿ ಬೇಡವಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಅಯ್ಯೋ ಮಾರಾಯ್ತಿ! ಹಡಗಿನಲ್ಲಿ ದಿನಾ ರಾಶಿ ರಾಶಿ ಮಾಡ್ತೇನೆ. ಅದರ ಪರಿಮಳವೇ ಸಾಕಾಗಿದೆ ನನಗೆ," ಎಂದು ಗಂಜಿ ಸುರ್ರನೆ ಕುಡಿದಿದ್ದ. "ನೀನು ತಿನ್ನು. ನೀನು ತಿನ್ನುವುದು ನೋಡಲಿಕ್ಕೆ ನನಗೆ ಖುಷಿ."

ಪ್ರಾಪ್ತಿ ಕಣ್ಣು ಬಿಟ್ಟಳು. ಅಮ್ಮನಿಗೆ ಹೇಳಬೇಕು ಎಂದು ಅವಳ ಕಡೆ ತಿರುಗಿದಳು.

ಅಷ್ಟರಲ್ಲಿ ಅಜ್ಜಿ ಎದ್ದು ಬಾಗಿಲು ತೆರೆದಳು. ಎಲೆಯ ಹತ್ತಿರ ಬಗ್ಗಿ, ಅನ್ನದ ಮೇಲೆ ಎಲ್ಲಾದರೂ ಗುರುತು ಉಂಟಾ, ನೀರು ಚೆಲ್ಲಿದೆಯಾ, ಒಂದು ಇರುವೆಯಾದರೂ ಬಂದಿದೆಯಾ ಎಂದು ದೀಪ ಹಿಡಿದು ಹುಡುಕಿದಳು. ತುಂಬ ಹೊತ್ತು ಹುಡುಕಿದಳು.

"ಏನೂ ಮುಟ್ಟಿದ ಹಾಗೆ ಕಾಣುವುದಿಲ್ಲ," ಎಂದಳು ಕೊನೆಗೆ. ಅಷ್ಟು ಗಟ್ಟಿ ಅಜ್ಜಿ ಈಗ ಮಣೆಯ ಪಕ್ಕದಲ್ಲಿ ಕುಸಿದು ಕೂತು ಅಮ್ಮನ ಮುಖ ನೋಡಿದಳು. "ಜಯಾ, ಎಂತ ಕಡಿಮೆ ಆಯಿತು? ಎಲ್ಲ ಮಾಡಿದ್ದೇನಲ್ಲ."

ಅಮ್ಮ ಬಗ್ಗಿ ಅಜ್ಜಿಯ ಹೆಗಲು ಹಿಡಿದಳು.

"ಅಜ್ಜಿ," ಎಂದಳು ಪ್ರಾಪ್ತಿ. "ಎಲೆಗೆ ಗಂಜಿ ಯಾಕೆ ಬಡಿಸಲಿಲ್ಲ?"

"ಗಂಜಿಯಾ? ವಿಶೇಷದ ದಿನ ಎಲೆಗೆ ಯಾರಾದರೂ ಗಂಜಿ ಬಡಿಸ್ತಾರಾ? ಗಂಜಿ ಅಂದರೆ ದಿನಾ ಇರುವುದು. ಅದು..." ಅಜ್ಜಿ ಅರ್ಧಕ್ಕೇ ನಿಲ್ಲಿಸಿದಳು. ಹಡಗಿನಿಂದ ಬಂದ ಮಗ ಚಪ್ಪಲಿ ಕಳಚುವ ಮೊದಲೇ ಬಾಗಿಲಲ್ಲಿ ನಿಂತು ಏನು ಕೇಳುತ್ತಿದ್ದ ಎಂಬುದು ಅವಳಿಗೂ ನೆನಪಾಗಿರಬೇಕು. ಕೈ ಬಾಯಿಗೆ ಹೋಯಿತು.

ಪ್ರಾಪ್ತಿ ಅಡುಗೆಮನೆಗೆ ಓಡಿದಳು. ಒಲೆಯ ಬದಿಯಲ್ಲಿ, ಅವಳು ಹಾಳು ಮಾಡಿದ ಕುಚ್ಚಲಕ್ಕಿ ಅನ್ನ ನೀರಿನಲ್ಲಿ ಮೆತ್ತಗಾಗಿ ಕೂತಿತ್ತು. ಮಾಮನ ಸ್ಟೀಲಿನ ಬಟ್ಟಲು ತಟ್ಟೆಗಳ ಹಿಂದೆ ಸಿಕ್ಕಿತು. ಗಂಜಿ ಬಿಸಿ ಮಾಡಿ ಬಡಿಸಿಕೊಂಡು, ಉಪ್ಪು ಹಾಕಿ, ಭರಣಿಯಿಂದ ಒಂದು ಚಮಚ ಸಿಗಡಿ ಚಟ್ನಿ ಬದಿಗಿಟ್ಟಳು. ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು.

ಎಲೆಯ ನಡುವಿನಿಂದ ಮುಸುಬಿ ತೆಗೆದು, ಆ ಜಾಗದಲ್ಲಿ ಬಟ್ಟಲು ಇಟ್ಟಳು.

"ಒಮ್ಮೆ ತೆರೆದ ಬಾಗಿಲನ್ನು ಮತ್ತೆ..." ಎಂದು ಅಜ್ಜಿ ಶುರು ಮಾಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಅಮ್ಮನ ಕೈ ಹಿಡಿದುಕೊಂಡು ಹೊರಗೆ ನಡೆದಳು.

ಈ ಸಲ ಬಾಗಿಲು ಎಳೆದುಕೊಂಡದ್ದು ಪ್ರಾಪ್ತಿ. ಎಳೆದುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು, ಹೊಸ್ತಿಲಲ್ಲಿಯೇ ಕೂತಳು. ಅಜ್ಜಿ ಬೈಯಲಿಲ್ಲ.

ಕೈಯಲ್ಲಿದ್ದ ಮುಸುಬಿ ತಣ್ಣಗಾಗಿತ್ತು. ಕಡಲ ಪೇಪರ್ ಮತ್ತೆ ಮೆತ್ತಗಾಗಿತ್ತು. ಉಪ್ಪು ಸ್ವಲ್ಪ ಜಾಸ್ತಿ. ಅವಳು ಕಣ್ಣೀರು ಒರೆಸಿಕೊಳ್ಳದೆ, ಅವಸರ ಮಾಡದೆ, ಒಂದೊಂದೇ ಕಚ್ಚಿ ತಿಂದಳು. ಬಾಗಿಲ ಆಚೆ ಗಂಜಿ ಇನ್ನೂ ಬಿಸಿ ಇರಬಹುದು. ಮಾಮ ಅದನ್ನು ಊದಿಕೊಂಡು ಕುಡಿಯುವವನು. ಅವನಿಗೆ ಸ್ವಲ್ಪ ಹೊತ್ತು ಬೇಕು.